ಕಾಫಿ ಡಬ್ಬಿಯ ಶ್ರುತಿ

"ಅಂಗಡಿಯಿಂದ ಅಡಾಪ್ಟರ್ ತರೋದಾ? ಈ ಡೆಲ್ಬರ್ಟ್ ಟ್ವೈಟ್ ಬದುಕಿರೋವಾಗಲಾ? ಆಗದ ಮಾತು!"

ಮಿನ್ನೆಸೋಟಾದ ಆ ಪುಟ್ಟ ಊರಿನ ಹಾಲಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಯಂತ್ರಗಳ ಯೋಗಕ್ಷೇಮ ನೋಡಿಕೊಂಡು ನಿವೃತ್ತನಾದ ಡೆಲ್ಬರ್ಟ್ ಹೀಗೆ ಗುಡುಗಿದ್ದು ಅಡುಗೆಮನೆಯಲ್ಲಿ. ಕೇಳಿಸಿಕೊಂಡವಳು ಹೆಂಡತಿ ಆರ್ಡಿಸ್. ಮೂವತ್ತು ವರ್ಷದಿಂದ ಚರ್ಚಿನ ಗಾಯಕರ ತಂಡವನ್ನು ನಡೆಸುತ್ತಿದ್ದ ಆಕೆಯ ಕೀಬೋರ್ಡಿನ ಅಡಾಪ್ಟರ್ ಹಿಂದಿನ ದಿನವಷ್ಟೇ ಪ್ರಾಣ ಬಿಟ್ಟಿತ್ತು. ಇನ್ನು ಆರು ವಾರಕ್ಕೆ ಸುತ್ತಲಿನ ಏಳು ಚರ್ಚಿನವರು ಬಂದು ಇವರ ಹಾಡು ಕೇಳುವವರಿದ್ದರು. ಅದೇ ಆರ್ಡಿಸಳ ಕೊನೆಯ ಕಾರ್ಯಕ್ರಮ. ಆಮೇಲೆ ತಂಡ ಬೇರೆಯವರ ಕೈಗೆ.

"ಅಂಗಡೀಲಿ ರೆಡಿ ಸಿಗತ್ತಲ್ಲ ಮಾರಾಯ," ಎಂದಳು ಆರ್ಡಿಸ್.

"ಸಿಗೋದನ್ನ ಯಾರು ಬೇಕಾದ್ರೂ ತರ್ತಾರೆ ಕಣೇ! ಗೋಡೇಲಿರೋ ಕರೆಂಟು ಕುಡುಕನ ಥರ ಹಿಂದಕ್ಕೂ ಮುಂದಕ್ಕೂ ಓಲಾಡ್ತಿರತ್ತೆ. ಮೊದಲು ಟ್ರಾನ್ಸ್‌ಫಾರ್ಮರ್ ಹಾಕಿ ಅದರ ಸೊಕ್ಕು ಇಳಿಸ್ತೀನಿ. ಆಮೇಲೆ ನಾಲ್ಕು ಡಯೋಡ್ ಕಾವಲಿಟ್ಟು ಒಂದೇ ದಿಕ್ಕಿಗೆ ನಡೆಸ್ತೀನಿ. ಉಳಿದ ಏರಿಳಿತಾನ ಒಂದು ಕೆಪಾಸಿಟರ್ ನುಂಗಿ ಹಾಕತ್ತೆ. ಬೆಣ್ಣೆ ಥರ ಕರೆಂಟು!"

"ಇಷ್ಟೆಲ್ಲಾ ನನ್ನ ಕೀಬೋರ್ಡಿಗಾ?" ಎಂದು ಆರ್ಡಿಸ್ ಹಣೆ ಒತ್ತಿಕೊಂಡಳು.

ಎರಡೇ ದಿನದಲ್ಲಿ ಖಾಲಿ ಕಾಫಿ ಡಬ್ಬಿಯೊಳಗೆ ಒಂದು ವಿದ್ಯುತ್ ಇಲಾಖೆಯೇ ಸ್ಥಾಪನೆಯಾಯಿತು. ಕೆಪಾಸಿಟರ್ ಮಾತ್ರ ಹಳೆಯ ರೇಡಿಯೋದಿಂದ ಕಿತ್ತದ್ದು, ಕಡಲೆಬೀಜದಷ್ಟು. "ಧಾರಾಳ ಸಾಕು!" ಎಂದು ಡೆಲ್ಬರ್ಟ್ ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಕೀಬೋರ್ಡ್ ನುಡಿಯಿತು! ಅಭ್ಯಾಸಕ್ಕೆ ಬಂದ ಹತ್ತೊಂಬತ್ತು ಗಾಯಕರು ಮುಖ ಮುಖ ನೋಡಿಕೊಂಡರು, ಏನೂ ಹೇಳದೆ ಕಾಫಿ ಕುಡಿದರು. ಮೆಚ್ಚುಗೆಯಿಂದ ಮಾತೇ ಹೊರಡಲಿಲ್ಲ ಎಂದುಕೊಂಡ ಡೆಲ್ಬರ್ಟ್.

ವಾರಗಳು ಕಳೆದಂತೆ ಆರ್ಡಿಸಳ ಮುಖ ಅರಳತೊಡಗಿತು. "ಎಷ್ಟು ಚೆನ್ನಾಗಿ ಹಾಡ್ತಿದಾರೆ ಗೊತ್ತಾ! ಮೊದಲನೇ ಹಾಡು ವಾದ್ಯ ಇಲ್ದೆ ಹಾಡೋದಲ್ವಾ? ಈಗ ಶುರುವಿಗೆ ಸ್ವರ ಕೊಡೋದೂ ಬೇಡ. ಕೈ ಎತ್ತಿದ್ರೆ ಸಾಕು!"

ಕಾರ್ಯಕ್ರಮದ ಹಿಂದಿನ ದಿನ ಚರ್ಚಿನಲ್ಲಿ ಎಲ್ಲ ಜೋಡಿಸಿಟ್ಟು, ಡೆಲ್ಬರ್ಟ್ ತನ್ನ ಕಾಫಿ ಲೋಟವನ್ನು ಸ್ಪೀಕರಿನ ಮೇಲಿಟ್ಟ. ಲೋಟದೊಳಗೆ ಕಾಫಿ ನಡುಗುತ್ತಿತ್ತು! ಬಗ್ಗಿ ಸ್ಪೀಕರಿಗೆ ಕಿವಿ ಒತ್ತಿದ. ಗುಂಯ್‌ಯ್‌ಯ್! ನಲವತ್ತು ವರ್ಷ ಯಂತ್ರಗಳ ನಡುವೆ ಸವೆದ ಅವನ ಕಿವಿಗೆ ಇಷ್ಟು ದಿನ ಅದು ಬಿದ್ದೇ ಇರಲಿಲ್ಲ. ಕುರ್ಚಿ ಜೋಡಿಸುತ್ತಿದ್ದ ನಾರ್ವಲ್‌ನನ್ನು ಕರೆದ. ಇವನು ತಂಡದಲ್ಲಿ ಅತ್ಯಂತ ತಗ್ಗಿನ ದನಿಯಲ್ಲಿ ಹಾಡುವವನು.

"ನಿಜ ಹೇಳೋ. ನನ್ನ ಡಬ್ಬಿ ಸದ್ದು ಮಾಡತ್ತಾ?"

ನಾರ್ವಲ್ ತನ್ನ ಬೂಟನ್ನೇ ನೋಡಿದ. "ಸದ್ದು ಅಂತೇನಿಲ್ಲಪ್ಪ. ಒಂಥರಾ... ಬೇರೆ ಥರ ಇದೆ."

ಆ ಊರಲ್ಲಿ ಯಾರೂ ಯಾವುದನ್ನೂ ಚೆನ್ನಾಗಿಲ್ಲ ಎನ್ನುವುದಿಲ್ಲ. ತೀರಾ ಮೆಚ್ಚಿದರೆ "ಪರವಾಗಿಲ್ಲ" ಎನ್ನುತ್ತಾರೆ. ಹಳಸಿದ ಮೀನು ಬಡಿಸಿದರೆ "ಬೇರೆ ಥರ ಇದೆ" ಎನ್ನುತ್ತಾರೆ. ಅದು ಮರಣದಂಡನೆ! ಅದರ ಮೇಲೆ ಅಪೀಲೂ ಇಲ್ಲ. ಅವನು ಕೂರಿಸಿದ ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಮಾತ್ರ ಚಿಲಕ ಹಾಕಲು ಬರುತ್ತಿದ್ದರೂ, ನಲವತ್ತೊಂದು ವರ್ಷದ ಸಂಸಾರದಲ್ಲಿ ಆರ್ಡಿಸ್ ಒಮ್ಮೆಯೂ ಆ ಮಾತು ಆಡಿರಲಿಲ್ಲ.

ಕಡಲೆಬೀಜದಷ್ಟು ಕೆಪಾಸಿಟರ್ ನುಂಗಲಾರದೆ ಬಿಟ್ಟ ಏರಿಳಿತವೇ ಈ ಗುಂಯ್! ಪೇಟೆಗೆ ಓಡಿದ. ಹೆಬ್ಬೆರಳಿನ ಗಾತ್ರದ ಕೆಪಾಸಿಟರ್ ತಂದ. ಡಬ್ಬಿಯೊಳಗೆ ಹಿಡಿಸಲಿಲ್ಲವೆಂದು ಹೊರಗೇ ತಂತಿ ಕಟ್ಟಿ ತೂಗುಹಾಕಿದ. ಕಾಫಿಯ ನಡುಕ ನಿಂತಿತು! ಆರ್ಡಿಸಳಿಗೆ ಹೇಳಲಿಲ್ಲ. ಹೇಳಿದರೆ ಮಜಾ ಏನು?

ಭಾನುವಾರ ಚರ್ಚು ತುಂಬಿತ್ತು. ಆರ್ಡಿಸ್ ಕೈ ಎತ್ತಿದಳು. ನಿಶ್ಶಬ್ದವೆಂದರೆ ನಿಶ್ಶಬ್ದ! ಕೈ ಇಳಿಸಿದಳು. ಹತ್ತೊಂಬತ್ತು ಬಾಯಿಂದ ಹತ್ತೊಂಬತ್ತು ಸ್ವರ ಹೊರಟಿತು.

ಗಾಬರಿಯಾಗಿ ಕೀಬೋರ್ಡಿನ ಒಂದು ಕೀ ಒತ್ತಿ ಸ್ವರ ಕೊಟ್ಟಳು. ಇನ್ನೂ ಅಧ್ವಾನ! ಡಬ್ಬಿಯ ಗುಂಯ್ ಎನ್ನುವ ಸ್ವರ ಎರಡು ಕೀಗಳ ನಡುವಿನದು, ಯಾವ ಕೀಬೋರ್ಡಿನಲ್ಲೂ ಸಿಗುವಂಥದ್ದಲ್ಲ. ಅರ್ಧ ಜನ ಮೇಲಕ್ಕೆ ಹೋದರು, ಅರ್ಧ ಜನ ಕೆಳಕ್ಕೆ ಜಾರಿದರು. ಆರ್ಡಿಸ್ ಕೈ ಬೀಸಿ ಹಾಡು ನಿಲ್ಲಿಸಿದಳು. ಮೂವತ್ತು ವರ್ಷದ ಕೊನೆಯ ದಿನ, ಏಳು ಚರ್ಚಿನವರ ಎದುರು.

ಹಿಂದಿನ ಸಾಲಿನಲ್ಲಿದ್ದ ಡೆಲ್ಬರ್ಟನಿಗೆ ಆಗ ಹೊಳೆಯಿತು. ಆರು ವಾರ ಇವರಿಗೆಲ್ಲ ಶ್ರುತಿ ಹಿಡಿದದ್ದು ತನ್ನ ಡಬ್ಬಿ! ತಪ್ಪು ಮಾಡಿದಾಗ ಅವಳ ತಂಡವನ್ನು ಉದ್ಧಾರ ಮಾಡಿದ್ದ. ಸರಿಮಾಡಿ ಹಾಳುಮಾಡಿದ. ಇಂಥ ಗಂಡನನ್ನು ಭೂಮಿ ಯಾಕಾದರೂ ಹೊತ್ತುಕೊಂಡಿದೆಯೋ ಎಂದು ಅಳು ಬಂತು.

ಮಂಡಿಯೂರಿ ತೆವಳುತ್ತಾ ಕೀಬೋರ್ಡಿನ ಮೇಜಿನ ಕೆಳಗೆ ಸೇರಿದ. "ಆರ್ಡಿಸ್, ಡಬ್ಬಿ ಗುಂಯ್ ಅಂತಿತ್ತು. ನಿನ್ನೆ ನಾನೇ ಹೊಸ ಕೆಪಾಸಿಟರ್ ಹಾಕಿ ಅದನ್ನ ನಿಲ್ಲಿಸಿಬಿಟ್ಟೆ," ಎಂದು ಪಿಸುಗುಟ್ಟಿದ.

ಆರ್ಡಿಸ್ ತಲೆ ತಿರುಗಿಸಲಿಲ್ಲ. "ಕಿತ್ತು ಹಾಕು ಅದನ್ನ."

"ಅದು ಸರಿಯಾದ ಕೆಪಾಸಿಟರ್ ಕಣೇ..."

"ಡೆಲ್ಬರ್ಟ್!"

ಕಿತ್ತ. ಗುಂಯ್‌ಯ್‌ಯ್! ನಾರ್ವಲ್‌ನ ಮುಖಕ್ಕೆ ಕಳೆ ಬಂತು. ಆರ್ಡಿಸಳ ಕೈ ಎದ್ದಿತು, ಹತ್ತೊಂಬತ್ತು ಕಂಠಗಳು ಒಂದಾಗಿ ಎದ್ದವು. ಇತ್ತ ಹೊರಗೆ ಬರಲು ದಾರಿಯಿಲ್ಲದೆ ಯಂತ್ರಬ್ರಹ್ಮ ಡೆಲ್ಬರ್ಟ್ ಟ್ವೈಟ್ ಐದೂ ಹಾಡುಗಳನ್ನು ಮೇಜಿನ ಕೆಳಗೆ, ಗಾಯಕಿಯರ ಕಾಲ್ಚೀಲ ನೋಡುತ್ತಾ ಕೇಳಿದ.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಏಳು ಚರ್ಚಿನವರೂ ಸಾಲಾಗಿ ಬಂದು ಆರ್ಡಿಸಳ ಕೈ ಕುಲುಕಿ "ಪರವಾಗಿಲ್ಲ" ಎಂದರು. ಒಬ್ಬಾಕೆ ಎರಡು ಸಲ ಎಂದಳು! ಆರ್ಡಿಸಳ ಕಣ್ಣು ತುಂಬಿತು. ಇದೇ ಸಮಯವೆಂದು ಡೆಲ್ಬರ್ಟ್ ಮಂಡಿಯ ಧೂಳು ಕೊಡವಿಕೊಂಡು ಹತ್ತಿರ ಸರಿದ.

"ಕೊನೆಗೆ ಎಲ್ಲಾ ಸರಿಹೋಯ್ತಲ್ಲ? ಹೇಳೇ, ಹೇಗಿತ್ತು ನನ್ನ ಡಬ್ಬಿ?"

ಸುತ್ತಲಿನ ಲೋಟಗಳು ಬಾಯಿಗೆ ಹೋಗುವ ದಾರಿಯಲ್ಲೇ ನಿಂತವು. ನಾರ್ವಲ್ ತನ್ನ ಬೂಟು ನೋಡಿಕೊಂಡ. ಆರ್ಡಿಸ್ ನಿಧಾನವಾಗಿ ಒಂದು ಗುಟುಕು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗಂಡನ ಮುಖ ನೋಡಿದಳು.

"ಒಂಥರಾ... ಬೇರೆ ಥರ ಇತ್ತು."