ಸಿದ್ದಪ್ಪನ ಸೈಕಲ್ಲಿನ ಸೀಟು

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಆದರೆ ಅದನ್ನು ಹೇಗೆ ನುಡಿಸಬೇಕು ಎಂಬ ವಿಷಯದಲ್ಲಿ ನನಗೆ ಎಂದೂ ಸಂದೇಹ ಇರಲಿಲ್ಲ. ಬೇಸ್‌ಬಾಲ್ ಮೈದಾನವನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೂ ಅಮೆರಿಕದ ತಂಡಗಳು ಎಲ್ಲಿ ತಪ್ಪುತ್ತಿವೆ ಎಂಬುದು ಅವುಗಳ ಕೋಚುಗಳಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಸೈಕಲ್ ಮೇಲೆ ನಾನು ಕೊನೆಯ ಬಾರಿ ಕುಳಿತದ್ದು ಮೈಸೂರಿನಲ್ಲಿ ಪಿಯುಸಿ ಓದುವಾಗ. ಆದರೆ ಫ್ರಾನ್ಸಿನ ಬೆಟ್ಟಗಳನ್ನು ಹತ್ತುವ ಸವಾರರಿಗೆ ಮುಂಬಯಿಯ ಸಾಂತಾಕ್ರೂಜ್‌ನ ನಮ್ಮ ಎರಡನೇ ಮಹಡಿಯ ಸೋಫಾದಿಂದ ನಾನು ಕೊಡುತ್ತಿದ್ದ ಸಲಹೆಗಳು ಅವರ ಕಿವಿಗೆ ಬಿದ್ದಿದ್ದರೆ ಎಷ್ಟೋ ಮಂದಿ ಉದ್ಧಾರವಾಗುತ್ತಿದ್ದರು!

ಈ ಜ್ಞಾನವೆಲ್ಲ ನನಗೆ ಲೋಕಲ್ ಟ್ರೇನಿನಲ್ಲಿ ದಕ್ಕಿದ್ದು. ದಿನಾ ಚರ್ಚ್‌ಗೇಟ್‌ವರೆಗೆ ಟ್ರೇನು, ಅಲ್ಲಿಂದ ಫೋರ್ಟ್‌ನಲ್ಲಿರುವ ಆಫೀಸಿಗೆ ನಡಿಗೆ. ಕಿವಿಯಲ್ಲಿ ರಾಕ್ ಅಥವಾ ಬ್ಲೂಸ್, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾವುದೋ ದೇಶದ ಆಟ. ಹೀಗೆ ಇಪ್ಪತ್ತು ವರ್ಷ ಕಲಿತದ್ದನ್ನು ಯಾರಿಗಾದರೂ ಹೇಳಬೇಕಲ್ಲ? ಹೆಂಡತಿ ಸುಧಾ ಮದುವೆಯಾದ ಮೊದಲ ವರ್ಷ ಕೇಳಿದಳು. ಎರಡನೇ ವರ್ಷದಿಂದ, ನಾನು ಬಾಯಿ ತೆರೆದ ಕೂಡಲೇ ಮಿಕ್ಸಿ ಹಾಕತೊಡಗಿದಳು. ಆಫೀಸಿನವರು ಊಟದ ಟೇಬಲ್ಲನ್ನೇ ಬದಲಿಸಿದರು.

ಉಳಿದವನು ಸಿದ್ದಪ್ಪ ಒಬ್ಬನೇ.

ಸಿದ್ದಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನನ್ನದೇ ವಯಸ್ಸು, ಐವತ್ತರ ಹತ್ತಿರ. ಬೆಳಿಗ್ಗೆ ಏಳಕ್ಕೆ ವಾಕೋಲಾದ ಗೋಡೌನಿನಿಂದ ಹಳೆಯ ಕರಿ ಸೈಕಲ್ಲಿನ ಎರಡೂ ಕಡೆ ಎಳನೀರಿನ ಗೊನೆಗಳನ್ನು ಇಳಿಬಿಟ್ಟುಕೊಂಡು ಬಂದು ನಮ್ಮ ಬಿಲ್ಡಿಂಗಿನ ಮೂಲೆಯ ಬಾದಾಮಿ ಮರದ ಕೆಳಗೆ ನಿಲ್ಲುತ್ತಿದ್ದ. ವಾಕಿಂಗ್ ಮುಗಿಸಿ ಬಂದ ನಾನು ಒಂದು ಎಳನೀರು ಕುಡಿದು ಅರ್ಧ ಗಂಟೆ ಮಾತಾಡುತ್ತಿದ್ದೆ. ಅವನು ಕಾಯಿ ಕೆತ್ತುತ್ತ ಕೇಳುತ್ತಿದ್ದ. ಇಂಥ ಶ್ರೋತೃ ಸಿಗುವುದು ಪುಣ್ಯ!

ಬೇಸ್‌ಬಾಲಿನ ನಿಯಮಗಳನ್ನು ಅವನಿಗೆ ವಿವರಿಸಲು ನನಗೆ ಮೂರು ದಿನ ಹಿಡಿಯಿತು. ಪೂರ್ತಿ ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ.

"ಚೆಂಡ ಹೊಡದು ಓಡಿ ಓಡಿ, ಕಡೀಕ ಹೊಂಟಲ್ಲೇ ಬಂದು ನಿಂದ್ರೂದಾದ್ರ, ಓಡೂದ್ಯಾಕ್ರಿ ಸಾಹೇಬ್ರ?"

ಇನ್ನೊಂದು ದಿನ ಇಯರ್‌ಫೋನನ್ನು ಅವನ ಕಿವಿಗೆ ಹಚ್ಚಿ ಬ್ಲೂಸ್ ಕೇಳಿಸಿದೆ. ಬ್ಲೂಸ್ ಎಂದರೆ ದುಡಿಯುವವರ ಸಂಗೀತ, ಹೊಲಗಳಲ್ಲಿ ಬೆನ್ನು ಬಾಗಿಸಿದವರ ನೋವಿನಿಂದ ಹುಟ್ಟಿದ್ದು, ನಿಮ್ಮಂಥವರಿಗೇ ಇದು ಅರ್ಥವಾಗಬೇಕು ಎಂದೆ. ಅವನು ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದ.

"ಪಾಪ, ಈತಗ ಹಲ್ಲಬ್ಯಾನಿ ಐತೇನ್ರಿ?" ಎಂದ.

ನಾನು ಬೇಸರ ಮಾಡಿಕೊಳ್ಳಲಿಲ್ಲ. ದೊಡ್ಡ ವಿಷಯಗಳು ನಿಧಾನವಾಗಿ ಇಳಿಯುತ್ತವೆ ಎಂದು ನಂಬಿದವನು ನಾನು.

ಅಕ್ಟೋಬರಿನ ಒಂದು ಭಾನುವಾರ ಸಿದ್ದಪ್ಪ ಕುಂಟುತ್ತಿದ್ದ. "ಮೊಣಕಾಲ ಭಾಳ ಹಿಡೀತಾವ್ರಿ ಈಗೀಗ," ಎಂದ. ನಾನು ಅವನ ಸೈಕಲ್ಲನ್ನು ನೋಡಿದೆ. ಸೀಟು ತೀರ ತಗ್ಗಿನಲ್ಲಿತ್ತು. ಇಪ್ಪತ್ತು ವರ್ಷದ ಅಧ್ಯಯನ ಒಮ್ಮೆಲೇ ನನ್ನೊಳಗೆ ಎದ್ದು ನಿಂತಿತು. ಪೆಡಲು ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು. ಇಲ್ಲದಿದ್ದರೆ ಭಾರವೆಲ್ಲ ಮೊಣಕಾಲಿಗೆ. ಫ್ರಾನ್ಸಿನಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ!

"ಸೀಟು ನಾಲ್ಕು ಬೆರಳು ಎತ್ತರಿಸಿದರೆ ನೋವು ತಾನಾಗಿಯೇ ಹೋಗುತ್ತೆ ಸಿದ್ದಪ್ಪ."

ಅವನು ಸ್ವಲ್ಪ ಯೋಚಿಸಿದ. "ಕಾಲು ನೆಲಕ್ಕ ಮುಟ್ಟಬೇಕಲ್ರಿ?"

"ಮುಂದೆ ಹೋಗುವವನಿಗೆ ನೆಲದ ಚಿಂತೆ ಯಾಕೆ?" ಎಂದೆ.

ಆ ವಾಕ್ಯ ನನಗೇ ಎಷ್ಟು ಹಿಡಿಸಿತೆಂದರೆ, ಸ್ಪ್ಯಾನರ್ ತರಲು ಮನೆಗೆ ಓಡಿದಾಗ ಸುಧಾಳಿಗೂ ಅದನ್ನು ಹೇಳಿದೆ. ಅವಳು ಹುರಳಿಕಾಯಿ ಬಿಡಿಸುತ್ತಿದ್ದಳು.

"ನೀವು ಒಂದ್ಸಲ ಆ ಸೈಕಲ್ ಮೇಲೆ ಕೂತು ನೋಡಿದ್ರಾ?"

"ಕೋಚ್ ಆದವನು ಆಡೋದಿಲ್ಲ ಸುಧಾ, ಆಡಿಸ್ತಾನೆ."

ಸೀಟನ್ನು ನಾನೇ ಎತ್ತರಿಸಿದೆ. ನಟ್ಟನ್ನು ನಾನೇ ಬಿಗಿ ಮಾಡಿದೆ. ಕಾಯಿಗಳೆಲ್ಲ ಮಾರಿಹೋಗಿದ್ದ ಖಾಲಿ ಸೈಕಲ್ ಮೇಲೆ ಸಿದ್ದಪ್ಪ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ ಬಂದ. "ಹೌದ್ರಿ, ಹಗರ ಆತು," ಎಂದು ನಕ್ಕ. ಬದುಕಿನಲ್ಲಿ ಮೊದಲ ಸಲ ನನ್ನ ಅಭಿಪ್ರಾಯವನ್ನು ಒಬ್ಬ ಮನುಷ್ಯ ಜಾರಿಗೆ ತಂದಿದ್ದ. ಆ ದಿನ ಮಧ್ಯಾಹ್ನ ನಾನು ಬಹಳ ಚೆನ್ನಾಗಿ ನಿದ್ದೆ ಮಾಡಿದೆ.

ಸೋಮವಾರ ಬೆಳಿಗ್ಗೆ ನನ್ನ ಶಿಷ್ಯನ ಹೊಸ ಸವಾರಿ ನೋಡಲು ಬೇಗನೆ ಹೋಗಿ ಸಿಗ್ನಲಿನ ಹತ್ತಿರ ನಿಂತೆ. ದೂರದಲ್ಲಿ ಸಿದ್ದಪ್ಪ ಕಂಡ. ಎರಡೂ ಕಡೆ ತುಂಬಿದ ಗೊನೆಗಳು, ನಡುವೆ ಎತ್ತರದಲ್ಲಿ ಅವನು, ಅಂಬಾರಿಯ ಮೇಲೆ ಕೂತವನ ಹಾಗೆ. ನನ್ನನ್ನು ಕಂಡು ನಕ್ಕ. ನಾನು ಕೈ ಎತ್ತಿದೆ. ಅಷ್ಟರಲ್ಲಿ ಸಿಗ್ನಲ್ ಕೆಂಪಾಯಿತು. ಮುಂದಿನ ರಿಕ್ಷಾ ಗಕ್ಕನೆ ನಿಂತಿತು. ಸಿದ್ದಪ್ಪ ಬ್ರೇಕ್ ಹಿಡಿದ. ಸೈಕಲ್ ಎಡಕ್ಕೆ ವಾಲಿತು. ಅವನ ಎಡಗಾಲು ನೆಲವನ್ನು ಹುಡುಕಿತು.

ನೆಲ ನಾಲ್ಕು ಬೆರಳು ಕೆಳಗಿತ್ತು.

ಅವನು ಬಿದ್ದ ಸದ್ದಿಗಿಂತ ಕಾಯಿಗಳು ಬಿದ್ದ ಸದ್ದು ದೊಡ್ಡದಾಗಿತ್ತು. ಅವು ರಸ್ತೆಯ ತುಂಬ ಉರುಳಿದವು, ರಿಕ್ಷಾಗಳ ಕೆಳಗೆ, ಬಸ್ಸಿನ ಚಕ್ರದ ಕೆಳಗೆ. ನಾಲ್ಕಾರು ರಿಕ್ಷಾದವರು ಇಳಿದು ಓಡಿ ಬಂದರು. ನಾನೂ ಓಡಿದೆ. ಸೈಕಲ್ಲಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಸಿದ್ದಪ್ಪ ತನ್ನ ಕೈ ನೋಡಿಕೊಳ್ಳಲಿಲ್ಲ. ತಲೆ ಎತ್ತಿ ಕಾಯಿಗಳ ಕಡೆಗೇ ನೋಡುತ್ತಿದ್ದ. ಎಡಗೈಯ ಮಣಿಕಟ್ಟು ಹೇಗೆ ಇರಬಾರದೋ ಹಾಗೆ ಇತ್ತು.

ಸರಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಒಂದೂವರೆ ತಿಂಗಳು ಕೈ ಅಲುಗಿಸಬಾರದು ಎಂದರು. ನಾನು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಹೇಳಲು ನನ್ನ ಹತ್ತಿರ ಒಂದು ಮಾತೂ ಇರಲಿಲ್ಲ. ನನ್ನ ಮಟ್ಟಿಗೆ ಅದು ಅಪರೂಪದ ಅನುಭವ.

ಕೊನೆಗೆ ಕೇಳಿದೆ: "ಸಿದ್ದಪ್ಪ, ಇಷ್ಟು ದಿನ ಏನೇನೋ ಹೇಳಿದ್ದೀನಿ. ಹೋಗಿ ಹೋಗಿ ಇದೊಂದನ್ನು ಯಾಕೆ ಕೇಳಿದಿರಿ?"

ಅವನು ಸಿಟ್ಟಿಲ್ಲದೆ ಹೇಳಿದ. "ಎರಡು ವರ್ಷ ಆತ್ರಿ ನಿಮ್ಮ ಮಾತು ಕೇಳಾಕತ್ತು. ಒಂದೂ ತಿಳೀತಿದ್ದಿಲ್ರಿ. ಸೀಟಿಂದು ಒಂದ ತಿಳೀತು. ಅದಕ್ಕ ಮಾಡಿದ್ನಿ."

ನಾನು ಅವನ ಕೈಯ ಕೆಳಗಿನ ದಿಂಬು ಸರಿಮಾಡಿದೆ.

ಖರ್ಚಿನ ಮಾತೆತ್ತಿದೆ. ಅವನು ತಲೆ ಅಲ್ಲಾಡಿಸಿದ. "ರೊಕ್ಕದ ಮಾತು ಬ್ಯಾಡ್ರಿ. ಜಾಗಾ ಕಾಯ್ರಿ."

ಮುಂಬಯಿಯಲ್ಲಿ ರಸ್ತೆ ಬದಿ ವ್ಯಾಪಾರ ಮಾಡುವವನಿಗೆ ಅವನ ಜಾಗವೇ ಆಸ್ತಿ. ನಾಲ್ಕು ದಿನ ಖಾಲಿ ಬಿಟ್ಟರೆ ಐದನೇ ದಿನ ಅಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಬಾದಾಮಿ ಮರದ ನೆರಳನ್ನು ಸಿದ್ದಪ್ಪ ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ.

ಮನೆಗೆ ಬಂದು ಸುಧಾಳಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು.

"ಬೆಳಿಗ್ಗೆ ಎಷ್ಟು ಹೊತ್ತಿಗೆ ನಿಲ್ಲಬೇಕು?"

"ಏಳಕ್ಕೆ."

"ಆರಕ್ಕೆ ಎಬ್ಬಿಸ್ತೀನಿ. ಮೊದಲು ಹೋಗಿ ಆ ಸೀಟು ಇಳಿಸಿ ಬನ್ನಿ."

ಮರುದಿನ ಹಳೆಯ ಟೀ ಶರ್ಟು ಹಾಕಿ, ತಲೆಗೆ ಟವೆಲ್ ಸುತ್ತಿ, ಬಾದಾಮಿ ಮರದ ಕೆಳಗೆ ನಾನು ಅಧಿಕಾರ ಸ್ವೀಕರಿಸಿದೆ. ಮೊದಲ ಗಿರಾಕಿಯಾಗಿ ಬಂದವರು ನಮ್ಮ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ ಸಾವಂತ್. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ನಾಗರಾಜ್‌ಜೀ, ನೌಕರಿ ಗಯೀ ಕ್ಯಾ?"

ನೌಕರಿ ಹೋಗಿಲ್ಲ ಎಂದು ಸಮಾಧಾನ ಹೇಳಿ, ಒಂದು ಕಾಯಿ ಆರಿಸಿ, ಕೊಯ್ತಾ ಎತ್ತಿದೆ. ಕೊಯ್ತಾ ಎಂದರೆ ಎಳನೀರು ಕೆತ್ತುವ ಬಾಗಿದ ಕತ್ತಿ. ಎಂದೂ ಹಿಡಿದವನಲ್ಲ. ಆದರೆ ಬೇಸ್‌ಬಾಲಿನಲ್ಲಿ ಬ್ಯಾಟ್ ಬೀಸುವಾಗ ಬಲ ತೋಳಿನಿಂದಲ್ಲ, ಸೊಂಟದಿಂದ ಬರಬೇಕು ಎಂಬುದು ನನಗೆ ಗೊತ್ತಿತ್ತಲ್ಲ! ಸೊಂಟ ತಿರುಗಿಸಿ ಬೀಸಿದೆ. ಕೊಯ್ತಾ ಕಾಯಿಯೊಳಗೆ ನೆಟ್ಟುಕೊಂಡಿತು. ಎಳೆದೆ, ಬರಲಿಲ್ಲ. ಜೋರಾಗಿ ಜಾಡಿಸಿದೆ. ಕಾಯಿ ಕತ್ತಿಯಿಂದ ಬಿಟ್ಟುಕೊಂಡು, ಸಾವಂತರ ಪ್ಯಾಂಟಿಗೆ ಅಭಿಷೇಕ ಮಾಡುತ್ತ, ಅವರ ಪಕ್ಕದಲ್ಲೇ ಹಾರಿ, ರಸ್ತೆ ಬದಿ ನಿಂತಿದ್ದ ರಿಕ್ಷಾದ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತಿತು.

ರಿಕ್ಷಾದವನು ಹಿಂದಕ್ಕೆ ತಿರುಗಿ ಕಾಯಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಕಹಾಂ ಜಾನಾ ಹೈ ಇಸ್ಕೋ?" ಎಂದು ಕಾಯಿ ಇಳಿಯಬೇಕಾದ ಜಾಗ ಕೇಳಿದ.

ಆ ಹೊತ್ತಿಗೆ ಸಿದ್ದಪ್ಪನ ಹೆಂಡತಿ ನೀಲವ್ವ ಬಂದಳು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಎಲ್ಲವನ್ನೂ ಒಂದು ಸಲ ನೋಡಿದಳು.

"ಸಾಹೇಬ್ರ, ಆ ಕೊಯ್ತಾ ಕೆಳಗ ಇಡ್ರಿ. ಒಂದು ಕೈ ಮುರದದ್ದು ಸಾಕು."

ಅವಳು ಸೆರಗು ಬಿಗಿದು, ಮೂರು ಏಟಿಗೆ ಒಂದು ಕಾಯಿ ಕೆತ್ತಿ ಸಾವಂತರ ಕೈಗೆ ಕೊಟ್ಟಳು. ಅವಳ ಸೊಂಟ ಅಲುಗಲೇ ಇಲ್ಲ.

ಅಂದಿನಿಂದ ಕೆಲಸ ಹಂಚಿಕೆಯಾಯಿತು. ಗೋಡೌನಿನಿಂದ ಸೈಕಲ್ ತಳ್ಳಿಕೊಂಡು ಬರುವುದು, ಸ್ಟ್ರಾ ಕೊಡುವುದು, ಖಾಲಿ ಚಿಪ್ಪು ಎತ್ತುವುದು ನನ್ನ ಪಾಲು. ಉಳಿದದ್ದು ಅವಳ ಪಾಲು. ಒಂಬತ್ತಕ್ಕೆ ಬಿಟ್ಟು, ಮನೆಗೆ ಓಡಿ ಸ್ನಾನ ಮಾಡಿ, ನಾನು ಟ್ರೇನು ಹಿಡಿಯುತ್ತಿದ್ದೆ.

ಹೇರಿದ ಸೈಕಲ್ಲನ್ನು ತಳ್ಳಿದ ಮೊದಲ ದಿನವೇ ನನಗೆ ತಿಳಿಯಿತು. ಅದು ಬಲಕ್ಕೆ ವಾಲಿದರೆ ಮೈಯೆಲ್ಲ ಎಡಕ್ಕೆ ಎಳೆಯಬೇಕು; ಎಡಕ್ಕೆ ವಾಲಿದರೆ ದೇವರೇ ಗತಿ. ಹೆಜ್ಜೆ ಹೆಜ್ಜೆಗೂ ನಿಲ್ಲಬೇಕು, ನಿಂತಾಗ ಎರಡೂ ಪಾದ ನೆಲದ ಮೇಲೆ ಊರಬೇಕು. ಸಿದ್ದಪ್ಪನ ಸೀಟು ಅಷ್ಟು ತಗ್ಗಿನಲ್ಲಿದ್ದದ್ದು ಅಜ್ಞಾನದಿಂದಲ್ಲ. ಹನ್ನೊಂದು ವರ್ಷ ಈ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಅವನು ಕಂಡುಕೊಂಡ ಎತ್ತರ ಅದು. ಫ್ರಾನ್ಸಿನ ಸವಾರರು ಎಳನೀರು ಮಾರುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆದಿರಲಿಲ್ಲ.

ಎರಡನೇ ವಾರ ನೀಲವ್ವನನ್ನು ಕೇಳಿದೆ: "ನೀವು ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗ್ತಿದ್ರಂತಲ್ಲ?"

"ಬಾಂದ್ರಾದಾಗ ಒಂದು ಮನಿ ಇತ್ರಿ, ಅಡಗಿದು. ಬಿಟ್ಟೀನಿ." ಕಾಯಿ ತಿರುಗಿಸುತ್ತಲೇ ಹೇಳಿದಳು. "ಹೊತ್ತು ಕೂಡೂದಿಲ್ಲಲ್ರಿ."

ಅಲ್ಲಿಯವರೆಗೆ ನಾನು ಮುರಿದದ್ದು ಒಂದು ಕೈ ಎಂದುಕೊಂಡಿದ್ದೆ. ಅವಳ ಕೆಲಸವೂ ಹೋಗಿತ್ತು. ಏನೋ ಹೇಳಬೇಕೆನಿಸಿತು, ಬ್ಲೂಸ್ ಹಾಡುಗಳಲ್ಲಿ ಇಂಥದ್ದೇ ಒಂದು ನೋವು ಬರುತ್ತದೆ ಎಂದು ಶುರು ಮಾಡಿದೆ.

"ಸ್ಟ್ರಾ ಕೊಡ್ರಿ," ಎಂದಳು ನೀಲವ್ವ.

ಕೊಟ್ಟೆ.

ಅದೇ ವಾರ ಒಂದು ಬೆಳಿಗ್ಗೆ, ನೀಲವ್ವ ಬರುವ ಮೊದಲು, ಇನ್ನೊಬ್ಬ ಎಳನೀರಿನವನು ಬಂದ. ಮರದ ಕೆಳಗೆ ಸೈಕಲ್ ನಿಲ್ಲಿಸಿ ಗೋಣಿ ಬಿಚ್ಚತೊಡಗಿದ. ಜಾಗ ಕಾಯುವ ಗಳಿಗೆ ಬಂದಿತ್ತು. ನಾನು ಅವನೆದುರು ನಿಂತು, ಈ ಸ್ಥಳದ ಇತಿಹಾಸ, ದುಡಿಯುವವರ ಪರಸ್ಪರ ಗೌರವ, ಅನ್ಯಾಯದ ಸ್ವರೂಪ ಇತ್ಯಾದಿಗಳ ಬಗ್ಗೆ ನನ್ನ ಅತ್ಯುತ್ತಮ ಹಿಂದಿಯಲ್ಲಿ ಹತ್ತು ನಿಮಿಷ ಮಾತಾಡಿದೆ. ಅವನು ವಿನಯದಿಂದ ತಲೆದೂಗುತ್ತ ಗೊನೆಗಳನ್ನೆಲ್ಲ ಇಳಿಸಿದ. ಮಾತು ಮುಗಿಯುವ ಹೊತ್ತಿಗೆ ಅವನ ಅಂಗಡಿ ಸಿದ್ಧವಾಗಿತ್ತು!

ನೀಲವ್ವ ಬಂದಳು. ನಮ್ಮ ಸೈಕಲ್ಲನ್ನು ತಳ್ಳಿಕೊಂಡು ಬಂದು ಅವನ ಗೊನೆಗಳಿಗೂ ರಸ್ತೆಗೂ ನಡುವೆ ಅಡ್ಡಲಾಗಿ ನಿಲ್ಲಿಸಿ, ಅದರ ಮುಂದೆ ಕುಳಿತು ಕಾಯಿ ಕೆತ್ತತೊಡಗಿದಳು. ಒಬ್ಬ ಗಿರಾಕಿಗೂ ಅವನು ಕಾಣುವಂತಿರಲಿಲ್ಲ. ಅರ್ಧ ಗಂಟೆ ಕಾದು ಅವನು ಗೋಣಿ ಕಟ್ಟಿಕೊಂಡು ಹೋದ. ಹೋಗುವಾಗ ನನಗೊಂದು ನಮಸ್ಕಾರ ಹಾಕಿದ. ಬಹುಶಃ ಭಾಷಣಕ್ಕೆ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಸಿದ್ದಪ್ಪ ಒಂದು ವಾರ ಕೈ ನೀವಿಕೊಂಡು ಕುಳಿತ. ನೀಲವ್ವನಿಗೆ ಬಾಂದ್ರಾದ ಮನೆ ಮತ್ತೆ ಸಿಗಲಿಲ್ಲ. ಅಲ್ಲಿ ಬೇರೆಯವರು ಬಂದಿದ್ದರು. ಸುಧಾ ನಮ್ಮ ಬಿಲ್ಡಿಂಗಿನಲ್ಲೇ ಹತ್ತು ಬಾಗಿಲು ತಟ್ಟಿ, ಸಾವಂತರ ಮನೆಯಲ್ಲಿ ಅಡಿಗೆ ಕೆಲಸ ಗೊತ್ತು ಮಾಡಿದಳು. ಈ ಏರ್ಪಾಟಿನಲ್ಲಿ ನನ್ನ ಸಲಹೆಯನ್ನು ಯಾರೂ ಕೇಳಲಿಲ್ಲ. ಅದಕ್ಕೇ ಅದು ಸರಿಯಾಗಿ ನಡೆಯಿತು ಎಂದು ಸುಧಾ ಹೇಳುತ್ತಾಳೆ.

ಸಿದ್ದಪ್ಪ ಕೆಲಸಕ್ಕೆ ಮರಳಿದ ದಿನ ನಾನು ಇಸ್ತ್ರಿ ಅಂಗಿ ಹಾಕಿ, ಬ್ಯಾಗು ನೇತುಹಾಕಿಕೊಂಡು, ಆಫೀಸಿಗೆ ಹೋಗುವ ದಾರಿಯಲ್ಲಿ ಗಿರಾಕಿಯಾಗಿ ನಿಂತೆ. ಅವನ ಎಡಗೈ ಕಾಯಿಯನ್ನು ಸ್ವಲ್ಪ ಹುಷಾರಾಗಿ ಹಿಡಿಯುತ್ತಿತ್ತು. ಸ್ಟ್ರಾ ನಾನೇ ತೆಗೆದುಕೊಂಡೆ.

ಪಕ್ಕದಲ್ಲಿ ವಾಕಿಂಗ್ ಬೂಟು ಹಾಕಿದ ಒಬ್ಬ ಮಹಿಳೆ ಎಳನೀರು ಕುಡಿಯುತ್ತಿದ್ದರು. ಇಷ್ಟು ದಿನವೂ ಅವರಿಗೆ ಸ್ಟ್ರಾ ಕೊಟ್ಟವನು ನಾನೇ. ಟವೆಲ್ ಇಲ್ಲದ ನನ್ನ ಗುರುತು ಅವರಿಗೆ ಹತ್ತಲಿಲ್ಲ. "ಭೈಯಾ, ನಿನ್ನ ಆ ಹೆಲ್ಪರ್ ಎಲ್ಲಿ? ತೆಗೆದುಹಾಕಿದೆಯಾ?" ಎಂದು ಹಿಂದಿಯಲ್ಲಿ ಸಿದ್ದಪ್ಪನನ್ನು ಕೇಳಿದರು.

ಸಿದ್ದಪ್ಪ ನನ್ನ ಕಡೆ ನೋಡದೆ, ತನ್ನ ಇಂಡಿ ಹಿಂದಿಯಲ್ಲಿ ಹೇಳಿದ: "ಕಾಮ್ ನಹೀಂ ಆತಾ ಥಾ ಮೇಡಂ. ಲೇಕಿನ್ ಆದ್ಮಿ ಅಚ್ಛಾ ಥಾ."

"ಕೆಲಸ ಬಾರದಿದ್ದರೂ ಒಳ್ಳೆಯವನೇನೋ ಸರಿ, ಮಾತು ಬಹಳವಾಗಿತ್ತು," ಎನ್ನುತ್ತ ಅವರು ನನ್ನ ಕಡೆ ತಿರುಗಿದರು. "ನೀವೂ ನೋಡಿರಬೇಕಲ್ಲ ಅವನನ್ನು? ನಿಮ್ಮ ಅಭಿಪ್ರಾಯ ಏನು?"

ಇಷ್ಟು ವರ್ಷಗಳಲ್ಲಿ ಒಬ್ಬರು ತಾವಾಗಿಯೇ ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

"ಸರಿಯಾಗಿ ಹೇಳಿದಿರಿ," ಎಂದು ಸ್ಟೇಶನ್ ಕಡೆ ನಡೆದೆ.