ಕೆಂಪು ವೈನಿಗೆ ಜೋಡಿ ಹುಡುಕಿದ್ದು

ಕೆಂಪು ವೈನಿನ ಬಾಟಲಿ ಹಿಡಿದು ಊಟದ ಹೊತ್ತಿಗೆ ಯಾರ ಮನೆಗೆ ಹೋದರೂ ಏನಾದರೊಂದು ಆಗದೆ ನಾನು ಹೊರಗೆ ಬಂದದ್ದೇ ಇಲ್ಲ. ಹೋಗದೆ ಇರೋಣವೆಂದರೆ ನನ್ನ ನೌಕರಿಯೇ ಅದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿಗೆ ಒಂದು ವೈನು ಕಂಪನಿಯ ಪ್ರತಿನಿಧಿ ನಾನೊಬ್ಬನೇ. ದುಬಾರಿ ಮಾಲಲ್ಲ. ಮುಚ್ಚಳ ತಿರುಗಿಸಿ, ದಿನದ ಊಟದ ಜೊತೆ ಒಂದು ಗ್ಲಾಸು ಕುಡಿಯುವಂಥ ಸಾದಾ ವೈನು. ಆದರೆ ನಮ್ಮ ಕಡೆ ಅದನ್ನು ಕೇಳುವವರೇ ಇಲ್ಲ.

ಒಂದು ದಿನ ಬೆಂಗಳೂರಿನಿಂದ ಸಾಹೇಬರ ಫೋನು ಬಂತು. "ಹೋಟೆಲ್ ಊಟ ಬೇಡ, ಹಬ್ಬದೂಟ ಬೇಡ. ಮಂಗಳವಾರ, ಬುಧವಾರ ಮನೇಲಿ ಮಾಡ್ತಾರಲ್ಲ, ಆ ಅಡುಗೆಗೆ ನಮ್ಮ ವೈನ್ ಹೊಂದಬೇಕು. ಅಂಥದ್ದು ಒಂದೇ ಒಂದು ಹುಡುಕಿ ಕೊಡಿ, ಅದರ ಹೆಸರನ್ನೇ ಬಾಟಲಿ ಮೇಲೆ ಹಾಕಿಸ್ತೀನಿ. ಸಿಗದಿದ್ರೆ ಆ ಕಡೆ ವ್ಯಾಪಾರ ಮುಚ್ಚಿಬಿಡೋಣ. ನೀವು ಬಳ್ಳಾರಿಗೆ ಹೋಗಿ."

ನನ್ನ ಹೆಂಡತಿ ಪಕ್ಕದ ದುಂಡಸಿ ಊರಿನ ಶಾಲೆಯಲ್ಲಿ ಟೀಚರು. ಅವ್ವ ಶಿಗ್ಗಾಂವಿ ಬಿಟ್ಟು ಕದಲುವವಳಲ್ಲ. ಬಳ್ಳಾರಿಯ ಬಿಸಿಲಲ್ಲಿ ನಾನೊಬ್ಬನೇ ಮೆಸ್ಸಿನ ಊಟ ಮಾಡಿಕೊಂಡು ಇರಬೇಕು. ಮೊದಲೇ ನಾನು ಕುಂತಲ್ಲಿ ನೆಟ್ಟಗೆ ಕೂರುವ ಆಸಾಮಿಯಲ್ಲ, ಕಾಲು ಅಲ್ಲಾಡುತ್ತಲೇ ಇರುತ್ತದೆ. ಆ ಫೋನು ಬಂದಾಗಿನಿಂದ ನಿದ್ದೆಯಲ್ಲೂ ಅಲ್ಲಾಡುತ್ತದೆಂದು ಹೆಂಡತಿ ಹಾಸಿಗೆಯನ್ನೇ ದೂರ ಹಾಸಿಕೊಂಡಳು.

ಸವಣೂರಿನ ಎಲೆ

ಮೊದಲು ಹೋದದ್ದು ಸವಣೂರಿಗೆ, ಖಾರದ ಅಂಗಡಿಯ ನನ್ನ ಗೆಳೆಯನ ಮನೆಗೆ. ಈ ವೈನಿನದೊಂದು ರಗಳೆ ಇದೆ. ಮುಚ್ಚಳ ತೆಗೆದು ಅರ್ಧ ತಾಸು ಹಾಗೇ ಇಡಬೇಕು, ಗಾಳಿ ಆಡಬೇಕು, ಆಮೇಲೆ ಕುಡಿಯಬೇಕು. ನಾನು ಬಾಟಲಿ ತೆರೆದಿಟ್ಟು, "ಸ್ವಲ್ಪ ತಡೀರಿ ಅಕ್ಕಾರ" ಎಂದು ಗೆಳೆಯನ ಹೆಂಡತಿಗೆ ಹೇಳಿದೆ.

"ಹೆಂಗ ತಡೀಲ್ರಿ? ನಿಮ್ಮದು ಬಾಟ್ಲ್ಯಾಗ ತಣ್ಣಗ ಕುಂತೈತಿ. ನನ್ನ ರೊಟ್ಟಿ ಆರತಾವ" ಎಂದು ಆಕೆ ಹಂಚಿನ ಮೇಲಿಂದ ರೊಟ್ಟಿಯನ್ನು ಸೀದಾ ತಾಟಿಗೆ ಹಾಕಿದರು. ಅದು ಮುಗಿಯುವುದರೊಳಗೆ ಇನ್ನೊಂದು ಬಂತು, ಅದರ ಬೆನ್ನಿಗೆ ಮತ್ತೊಂದು. ಬಿಸಿ ರೊಟ್ಟಿ ಎದುರಿಗಿಟ್ಟುಕೊಂಡು ಗಡಿಯಾರ ನೋಡುವುದು ನಮ್ಮ ಕಡೆ ಆಗದ ಮಾತು. ನಾನು ಗಡಿಯಾರ ಮರೆತೆ.

ವೈನಿಗೆ ಗಾಳಿ ಆಡಿ ಮುಗಿಯುವ ಹೊತ್ತಿಗೆ ಎಲ್ಲರೂ ಕೈತೊಳೆದು ಎಲೆ-ಅಡಿಕೆ ಹಾಕಿಕೊಂಡಾಗಿತ್ತು. ನನ್ನ ಜುಲುಮೆಗೆ ಗೆಳೆಯ ಬಾಯಲ್ಲಿ ಎಲೆ ಇದ್ದಂತೆಯೇ ಎರಡು ಗುಟುಕು ಕುಡಿದು ಕಣ್ಣು ಮುಚ್ಚಿದ. ನಾನು, "ಹೆಂಗೈತಿ?" ಎಂದೆ.

"ಎಲಿ ಭಾಳ ಛಲೋ ಅದಾವು" ಎಂದ. "ಇವತ್ತ ತ್ವಾಟದಾಗ ಹರದದ್ದು."

ಹಿರೇಕೆರೂರಿನ ಕಲ್ಲು

ವೈನಿನ ರುಚಿ ನೋಡುವವರು ಅದನ್ನು ನುಂಗುವುದಿಲ್ಲ. ಬಾಯಲ್ಲಿ ಹೊರಳಿಸಿ ಉಗುಳುತ್ತಾರೆ. ಬೆಂಗಳೂರಿನಲ್ಲಿ ನಮಗೆ ಹಾಗೇ ಕಲಿಸಿದ್ದರು. ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿಯವರೊಬ್ಬರು ಪರಿಚಯದವರು, ಅವರ ಮನೆಗೆ ಹೋದಾಗ ವಾಪಸು ಬೈಕು ಹೊಡೆಯಬೇಕಲ್ಲ ಎಂದು ನಾನೂ ಅದನ್ನೇ ಮಾಡಿದೆ. ಒಂದು ತುತ್ತು ಅನ್ನ-ಸಾರು ಉಂಡು, ಒಂದು ಗುಟುಕು ವೈನು ಹೊರಳಿಸಿ, ಪಕ್ಕದ ಬಟ್ಟಲಿಗೆ ಉಗುಳಿದೆ.

ಅಡುಗೆಮನೆಯ ಬಾಗಿಲಲ್ಲಿದ್ದ ಆ ಮನೆಯಾಕೆಗೆ ಕಂಡದ್ದು ಉಗುಳಿದ್ದಷ್ಟೇ.

"ಏನಾತ್ರಿ? ಕಲ್ಲ ಬಂತೇನ್ರಿ?"

"ಇಲ್ರಿ ಅಕ್ಕಾರ..." ಎನ್ನುವುದರೊಳಗೆ ಅಂಗಡಿಯವರು ಹೆಂಡತಿಯ ಮೇಲೆ ಹರಿಹಾಯ್ದರು. "ಅಕ್ಕಿ ಆರಸಾಕ ಏನಾಗಿತ್ತ ನಿನಗ? ಮಂದಿ ಮುಂದ ಮರ್ಯಾದಿ ಕಳದಿ."

ನನ್ನ ತಾಟು ಒಳಗೆ ಹೋಯಿತು. ಹೊಸ ಅಕ್ಕಿ ಆರಿಸಿ, ಹೊಸದಾಗಿ ಅನ್ನ ಮಾಡಿದರು. ನಾನು ವಿವರಿಸಿದ್ದನ್ನೆಲ್ಲ ಅವರು ಸಂಕೋಚವೆಂದು ತಿಳಿದರು. ಎರಡನೇ ಸಲ ಹೆಸರುಕಾಳಿನ ಪಲ್ಯದ ಜೊತೆ ರುಚಿ ನೋಡಿ, ಅವರ ಕಣ್ಣು ತಪ್ಪಿಸಿ ಉಗುಳಲು ಹೋದೆ. ತಪ್ಪಿಸಲಾಗಲಿಲ್ಲ. "ಉಪ್ಪ ಜಾಸ್ತಿ ಆತೇನ್ರಿ?" ಎಂದವರ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಪಲ್ಯವೂ ಮತ್ತೆ ಒಲೆ ಏರಿತು.

ಮೂರನೇ ಸಲ ನಾನು ಉಗುಳುವ ಗೋಜಿಗೇ ಹೋಗಲಿಲ್ಲ. ಗ್ಲಾಸಿನಲ್ಲಿದ್ದದ್ದನ್ನೆಲ್ಲ ಗಟಗಟನೆ ನುಂಗಿದೆ. ಬೈಕು ಅವರ ಅಂಗಳದಲ್ಲೇ ಉಳಿಯಿತು. ಆಕೆ ಸಮಾಧಾನದಿಂದ ಗಂಡನಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ನೋಡ್ರಿ, ಈಗ ನನ್ನ ಅಡಗಿ ರುಚಿ ಹತ್ತಿತು ಅವರಿಗೆ."

ಬಸ್ಸಿನಲ್ಲಿ ಬರುವಾಗ ಸಾಹೇಬರ ಫೋನು. "ಸಿಕ್ತಾ?" ನಾನು "ಹುಡುಕಾಕತ್ತೇನ್ರಿ" ಎಂದು ಇಟ್ಟುಬಿಟ್ಟೆ.

ಹಾನಗಲ್ಲಿನ ಮಜ್ಜಿಗೆ

ಹಾನಗಲ್ಲಿನಲ್ಲಿ ಮಾವಿನ ತೋಟದ ಯಜಮಾನರೊಬ್ಬರು ತಾವಾಗಿಯೇ ಕರೆದರು. ನುಚ್ಚು, ಝುಣಕ, ಶೇಂಗಾ ಚಟ್ನಿ, ಯಾವುದಕ್ಕೂ ವೈನು ಹೊಂದಲಿಲ್ಲ. ಖಾರದ ಬೆನ್ನಿಗೆ ಅದು ಬಾಯಿಗೆ ಹೋದರೆ ಉರಿಯುವ ಒಲೆಗೆ ಕಟ್ಟಿಗೆ ಒಟ್ಟಿದ ಹಾಗೆ. ಯಜಮಾನರ ಗ್ಲಾಸಿನಲ್ಲಿ ಅರ್ಧ ಹಾಗೇ ಉಳಿಯಿತು.

ಊಟದ ಕೊನೆಗೆ ಅವರ ತಾಯಿ ಮಜ್ಜಿಗೆ ತಂದರು. ಯಾರ ಮುಂದೆ ಲೋಟ ಕಂಡರೂ ಹುಯ್ಯುವುದು ಅವರ ರೂಢಿ. ಅದರಲ್ಲಿ ಏನಿದೆಯೆಂದು ನೋಡುವ ವಯಸ್ಸೂ ಅವರದಲ್ಲ. ನಾನು "ಅಯ್ಯ" ಎನ್ನುವಷ್ಟರಲ್ಲಿ ವೈನಿನ ಮೇಲೆ ಮಜ್ಜಿಗೆ ಬಿದ್ದು ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ತಾಯಿ ಹುಯ್ದದ್ದನ್ನು ಚೆಲ್ಲುವ ಮಗನಲ್ಲ ಆತ. ಎತ್ತಿ ಕುಡಿದರು, ತುಟಿ ಒರೆಸಿಕೊಂಡರು.

"ಇದನ್ನ ಮೊದಲ ಕೊಡೂದ ಬಿಟ್ಟು, ಇಷ್ಟೊತ್ತನ ಯಾಕ ಕಾಡಿದಿರಿ?"

ಶಿಗ್ಗಾಂವಿಯ ಹುಳಿ

ಸಾಹೇಬರ ತಾಳ್ಮೆ ಮುಗಿಯಿತು. "ನಾನೇ ಬರ್ತೀನಿ. ಬುಧವಾರ ರಾತ್ರಿ ನಿಮ್ಮನೇಲೇ ಊಟ. ಸಿಕ್ಕಿದ್ರೆ ಸಿಕ್ತು, ಇಲ್ಲದಿದ್ರೆ ಬಳ್ಳಾರಿ."

ನಮ್ಮ ಅಡುಗೆಮನೆ ಅವ್ವನದು. ಅವ್ವ ಹಣೆತುಂಬ ವಿಭೂತಿ ಹಚ್ಚುವವಳು, ಬ್ರಾಂದಿ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವಳು. ನಾನು ದ್ರಾಕ್ಷಿ ಕಂಪನಿಯಲ್ಲಿದ್ದೇನೆ ಎಂದಷ್ಟೇ ಅವಳಿಗೆ ಗೊತ್ತು. ನನ್ನ ಬಳಿ ಉಳಿದಿದ್ದ ಒಂದೇ ಒಂದು ಬಾಟಲಿಯನ್ನು ಅಕ್ಕಿ ಡಬ್ಬಿಯ ಹಿಂದೆ ಮುಚ್ಚಿಡುತ್ತಿದ್ದಾಗ ಅವಳ ಕಣ್ಣಿಗೆ ಬಿದ್ದೆ.

"ಅದೇನೋ?"

ಹೆಂಡತಿಯೇ, "ದ್ರಾಕ್ಷಿ ಹುಳಿರಿ ಅತ್ತಿ" ಎಂದುಬಿಟ್ಟಳು.

"ದ್ರಾಕ್ಷಿದೂ ಹುಳಿ ತಗೀತಾರ ಈಗ?" ಎನ್ನುತ್ತಾ ಅವ್ವ ಬದನೆಕಾಯಿ ಹೆಚ್ಚಲು ಕುಳಿತಳು. ಬಚಾವಾದೆವು ಎಂದುಕೊಂಡು ನಾನು ಸಾಹೇಬರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ.

ಸಾಹೇಬರು ಬಂದು ಕುಳಿತರು. ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮೊದಲ ತುತ್ತಿಗೇ ಸಾಹೇಬರು ಕಣ್ಣರಳಿಸಿದರು. ಎರಡನೆಯದನ್ನು ನಿಧಾನ ಅಗಿದರು. ನನ್ನ ಕಾಲು ಹೊಲಿಗೆ ಮಷಿನ್ನಿನಂತೆ ಆಡುತ್ತಿತ್ತು.

"ಏನ್ರೀ ಇದು! ಇದಕ್ಕೆ ನಮ್ಮ ವೈನ್ ಹೊಂದದೆ ಇನ್ಯಾವುದಕ್ಕೆ ಹೊಂದತ್ತೆ? ತನ್ನಿ, ತನ್ನಿ ಬೇಗ!"

ನಾನು ಖುಷಿಯಿಂದ ಒಳಗೆ ಓಡಿದೆ. ಅಕ್ಕಿ ಡಬ್ಬಿಯ ಹಿಂದೆ ಬಾಟಲಿ ಇಲ್ಲ. ಅದು ತೊಳೆಸಿಕೊಂಡು, ಬಚ್ಚಲ ಕಟ್ಟೆಯ ಮೇಲೆ ಬೋರಲಾಗಿ ಕೂತಿತ್ತು. ಹುಟ್ಟಿದಾಗಿನಿಂದ ಅಲ್ಲಾಡುತ್ತಿದ್ದ ನನ್ನ ಕಾಲು ಆಗ ನಿಂತಿತು.

ಖಾಲಿ ಬಾಟಲಿ ಹಿಡಿದು ಹೊರಗೆ ಬಂದೆ. "ಎಲ್ಲಿ ವೈನು?" ಎಂದರು ಸಾಹೇಬರು.

"ಅವ್ವಾ, ಇದರಾಗಿಂದು ಏನಾತು?"

"ಏನಾಗತೈತಿ? ಮನ್ಯಾಗ ಹುಣಸಿಹಣ್ಣ ಮುಗದಿತ್ತು. ಹುಳಿ ಐತೆಲ್ಲಾ ಅಂತ ಅಷ್ಟೂ ಎಣಗಾಯಿಗೆ ಹಾಕೇನಿ. ಸಾಹೇಬ್ರು ಅದನ್ನ ತಿನ್ನಾಕತ್ತಾರಲ್ಲ!"

ಸಾಹೇಬರ ಕೈ ಅರ್ಧದಲ್ಲೇ ನಿಂತಿತು. ಬಾಟಲಿ ನೋಡಿದರು, ತಾಟು ನೋಡಿದರು, ಅವ್ವನ ವಿಭೂತಿ ನೋಡಿದರು. ನಾನು ಮನಸ್ಸಿನಲ್ಲೇ ಬಳ್ಳಾರಿಯ ಬಸ್ಸು ಹತ್ತಿದ್ದೆ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

ಸಾಹೇಬರು ಇನ್ನೊಂದು ರೊಟ್ಟಿ ಮುರಿದು, ತಾಟಿನಲ್ಲಿದ್ದ ರಸವನ್ನೆಲ್ಲ ಬಳಿದು ತಿಂದರು. ಆಮೇಲೆ ಅವ್ವನ ಕಡೆ ತಿರುಗಿ, "ಅಮ್ಮಾ, ನಿಮ್ಮ ಮಗನನ್ನ ಬಳ್ಳಾರಿಗೆ ಕರ್ಕೊಂಡು ಹೋಗ್ಬೇಕು ಅಂತಲೇ ಬಂದಿದ್ದೆ. ಇನ್ನು ಆ ಮಾತಿಲ್ಲ, ಬಾಟಲಿ ಮೇಲೆ ನಿಮ್ಮ ಎಣ್ಣೆಗಾಯಿ ಹೆಸರೇ ಹಾಕಿಸ್ತೀನಿ. ಇಲ್ಲೇ ಬಿಟ್ಟು ಹೋಗ್ತೀನಿ" ಎಂದರು.

ನನಗೆ ಕಣ್ಣು ತುಂಬಿ ಬಂತು. ಅವ್ವ ಮಾತ್ರ ಅವರ ತಾಟಿಗೆ ಇನ್ನೊಂದು ಬದನೆಕಾಯಿ ಹಾಕುತ್ತಾ ಹೇಳಿದಳು:

"ಅವನ್ನ ಬೇಕಾದ್ರ ಒಯ್ರಿ. ಮನ್ಯಾಗ ಬರೇ ಕಾಲ ಅಲ್ಲಾಡಸ್ಕೋತ ಕುಂದರತಾನ. ಆ ಹುಳಿ ಬಾಟ್ಲಿ ಎರಡ ಬಿಟ್ಟ ಹೋಗ್ರಿ."