ಕಾಕುನ ಕಣ್ಣು ತೆರೆದ ಫೋಟೋ

ಮೊಬೈಲು ಬಂದ ಮೇಲೆ ನಾವೆಲ್ಲರೂ ಫೋಟೋ ತೆಗೆಯುವುದರಲ್ಲಿ ನಿಸ್ಸೀಮರೇ. ಒಂದು ತಟ್ಟೆ ಮಿರ್ಚಿ ಭಜಿಗೆ ಹತ್ತು ಸಲ ಒತ್ತಿ, ಚೆನ್ನಾಗಿ ಬಂದದ್ದನ್ನು ಊರಿಗೆಲ್ಲ ಹಂಚುವ ಜನ. ಇಂಥ ನನಗೆ ನಮ್ಮ ಚಿಕ್ಕಪ್ಪ ಕಾಕಾನ ರೀಲಿನ ಕ್ಯಾಮೆರಾ ಸಿಕ್ಕದ್ದು ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಕಾಕಾ ತೀರಿಕೊಂಡ ಮೇಲೆ ಅದು ಕಮಲಾಪುರದ ಮನೆಯ ಟ್ರಂಕಿನಲ್ಲಿತ್ತು. ಅವನ ಹೆಂಡತಿ ಕಾಕು ಅದನ್ನು ನನ್ನ ಕೈಗಿಟ್ಟು, "ನಿಮ್ಮ ಕಾಕಾ ತಗದ ಎಲ್ಲಾ ಫೋಟೋದಾಗೂ ನನ್ನ ಕಣ್ಣು ಮುಚ್ಚ್ಯಾವ. ಕಣ್ಣು ತೆರೆದಿದ್ದು ಒಂದು ತಗದು ಕೊಡಪಾ" ಎಂದಳು.

ಮಾತು ನಿಜ. ಮದುವೆಯಿಂದ ಮೊಮ್ಮಗನ ಜಾವಳದವರೆಗೆ ಆಲ್ಬಮ್ಮಿನ ತುಂಬ ಕಾಕು ಧ್ಯಾನದಲ್ಲಿದ್ದಾಳೆ. ತಪ್ಪು ಕಾಕಾನದೇ. ನಮ್ಮನ್ನೆಲ್ಲ ತಲೆಗೆ ಎಣ್ಣೆ ಹಚ್ಚಿಸಿ ಅಂಗಳದಲ್ಲಿ ನಿಲ್ಲಿಸಿ, ಅಲುಗಾಡಬೇಡಿ ಎಂದು ಗದರಿಸಿ, ಒಂದು ಕಣ್ಣು ಮುಚ್ಚಿ ಅಷ್ಟು ಹೊತ್ತು ನೋಡುತ್ತಿದ್ದ, ಒತ್ತುವಷ್ಟರಲ್ಲಿ ಕಾಕುನ ರೆಪ್ಪೆ ಸೋತಿರುತ್ತಿತ್ತು. ಆ ಕ್ಯಾಮೆರಾದ ತೊಗಲಿನ ಚೀಲದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಬೆನ್ನು ತಾನೇ ನೆಟ್ಟಗಾಗುತ್ತದೆ.

ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿ ಕೂತು ವಿಡಿಯೋ ನೋಡಿ ವಿದ್ಯೆ ಕಲಿತೆ. ಬಿಸಿಲು ಬೆನ್ನಿಗಿರಬೇಕು, ದೂರವನ್ನು ಅಳೆದು ಹೊಂದಿಸಬೇಕು, ಉಸಿರು ಹಿಡಿದು ಮೆಲ್ಲಗೆ ಒತ್ತಬೇಕು. ಮಹಾನವಮಿಯ ಹಿಂದಿನ ದಿನ ಕಮಲಾಪುರಕ್ಕೆ ಹೋಗಿ ಹೊಸ ರೀಲು ಹಾಕಿದೆ. ಬೋಣಿ ತನ್ನ ಕೈಯಿಂದಲೇ ಆಗಲಿ ಎಂದು ಕಾಕು ಹಟ ಹಿಡಿದಳು. ಎಲ್ಲ ಹೊಂದಿಸಿ ಕೊಟ್ಟು ಕೆಂಪು ಬಾಳೆಗಿಡದ ಮುಂದೆ ನಿಂತೆ. ಬಹಳ ಹೊತ್ತು ನೋಡಿ ಒತ್ತಿದಳು. ಉಳಿದ ರೀಲನ್ನೆಲ್ಲ ಅವಳ ಕಣ್ಣಿಗಾಗಿಯೇ ಮುಗಿಸಿದೆ. ಮುಗಿದ ರೀಲನ್ನು ಬೆಳಕು ತಾಗದಂತೆ ಹಿಂದಕ್ಕೆ ಅದರ ಡಬ್ಬಿಯೊಳಗೆ ಸುತ್ತಬೇಕೆಂಬುದನ್ನು ಮಾತ್ರ ಮರೆತು ಮಲಗಿದೆ.

ಮರುದಿನ ಬೆಳಿಗ್ಗೆ ಖಂಡೇಪೂಜೆ, ಅಂದರೆ ಆಯುಧಪೂಜೆ. ಕುಡುಗೋಲು, ಈಳಿಗೆ, ಮಿಕ್ಸರುಗಳ ಸಾಲಿನಲ್ಲಿ ಕ್ಯಾಮೆರಾವೂ ಇತ್ತು, ಬೆನ್ನಿನ ಬಾಗಿಲು ಹಾರು ಹೊಡೆದು! ಓಡಿ ಹೋಗಿ ಮುಚ್ಚಿದೆ. ಕೆಲಸ ನಡೆಯುವುದು ಒಳಗೆ ಅಲ್ಲವೇ, ಅದಕ್ಕೇ ಅಲ್ಲಿಯೂ ಕುಂಕುಮ ಹಚ್ಚಿದೆ ಎಂದು ಕಾಕು ಸಮಾಧಾನವಾಗಿ ಹೇಳಿದಳು.

ಬೆಳಕು ಹೊಕ್ಕ ರೀಲು ಸ್ಟುಡಿಯೋದಲ್ಲಿ ತೊಳೆದು ಬಂದಾಗ ಕಾಕುನ ಫೋಟೋಗಳೆಲ್ಲ ಸುಣ್ಣ ಬಳಿದ ಗೋಡೆಯಾಗಿದ್ದವು. ಸುರುಳಿಯ ತೀರಾ ಒಳಗೆ ಅಡಗಿದ್ದ, ಕಾಕು ಒತ್ತಿದ ಮೊದಲನೆಯದೊಂದೇ ಬದುಕಿತ್ತು. ಬಾಳೆ ಎಲೆಯ ಒಂದೊಂದು ಗೀರೂ ಸ್ಪಷ್ಟ, ಬೆಳಕು ಹದವಾಗಿತ್ತು. ಅದರ ಮುಂದೆ ನಾನು, ಎರಡೂ ಕಣ್ಣು ಮುಚ್ಚಿಕೊಂಡು.

ಅದನ್ನೇ ಒಯ್ದು ಕಾಕುಗೆ ತೋರಿಸಿದೆ. ಅವಳು ಸೆರಗು ಬಾಯಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅದರಾಗ ಒಮ್ಮೆ ಕಣ್ಣಿಟ್ಟು ನೋಡಿದರ ಬಿಡಾಕ ಮನಸ್ಸಾಗಂಗಿಲ್ಲಪಾ. ನಿಮ್ಮ ಕಾಕಾ ಯಾಕ ಅಷ್ಟು ತಡಾ ಮಾಡ್ತಿದ್ರು, ಈಗ ತಿಳೀತು" ಎಂದಳು.

ನನ್ನ ಫೋಟೋ ಆಲ್ಬಮ್ಮಿನಲ್ಲಿ ಅವಳ ಮದುವೆಯ ಫೋಟೋದ ಪಕ್ಕ ಸೇರಿತು. ಪೂಜೆಗೆಂದು ಇಟ್ಟುಕೊಂಡ ಕ್ಯಾಮೆರಾವನ್ನು ಅವಳು ಹಿಂದಕ್ಕೆ ಕೊಡಲಿಲ್ಲ, ಕೇಳಲು ನನಗೂ ಮುಖವಿರಲಿಲ್ಲ. ಈಗ ನಾನು ಜೇವರ್ಗಿ ಕಾಲೋನಿಯಲ್ಲಿ ದಿನಾ ಕನ್ನಡಿಯ ಮುಂದೆ ನಿಂತು, ರೆಪ್ಪೆ ಬಡಿಯದೆ ಇರುವ ವಿದ್ಯೆ ಕಲಿಯುತ್ತಿದ್ದೇನೆ.